ಕೌದಿಗೊಂದು ತುತ್ತು

ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರು. 'ಜಾಗತೀಕರಣದ ಸಾಧಕ ಬಾಧಕಗಳನ್ನು ಚರ್ಚಿಸಿ' ಎಂಬ ಪ್ರಶ್ನೆಯನ್ನು ಪ್ರತಿವರ್ಷ ಕೇಳುತ್ತೇನೆ. ಅದರ ಉತ್ತರ ನನಗೇ ಗೊತ್ತಿಲ್ಲವೆಂಬುದನ್ನು ಪ್ರತಿವರ್ಷ ಮುಚ್ಚಿಟ್ಟುಕೊಳ್ಳುತ್ತೇನೆ. ಮಕ್ಕಳು ಜಾಣರು. ಸಾಧಕ ಎಷ್ಟೋ ಬಾಧಕವೂ ಅಷ್ಟೇ ಬರೆದು, ಕೊನೆಗೆ 'ಆದ್ದರಿಂದ ಜಾಗತೀಕರಣವು ಎರಡು ಅಲಗಿನ ಕತ್ತಿ' ಎಂದು ಮುಗಿಸುತ್ತಾರೆ. ಆ ಕತ್ತಿಯನ್ನು ಅವರ ಕೈಗೆ ಕೊಟ್ಟವನು ನಾನೇ. ಅದರಿಂದ ಇದುವರೆಗೆ ಯಾರೂ ಒಂದು ಉಳ್ಳಾಗಡ್ಡಿಯನ್ನೂ ಹೆಚ್ಚಿದ್ದು ನಾನು ಕಂಡಿಲ್ಲ.

ಕ್ಲಾಸಿನಿಂದ ಹೊರಬಿದ್ದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಸಂಜೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಾ, ಇದೊಂದಾದರೂ ಅಪ್ಪಟ ನಮ್ಮದು ಎಂದು ಎದೆಯುಬ್ಬಿಸುತ್ತೇನೆ. ಆದರೆ ಮಿರ್ಚಿ ಕರಿದ ಎಣ್ಣೆ ಕಡಲಾಚೆಯಿಂದ ಬಂದ ಪಾಮ್ ಎಣ್ಣೆ. ಹೋಗಲಿ, ಶೇಂಗಾ ಎಣ್ಣೆಯಲ್ಲೇ ಕರಿದರು ಅನ್ನೋಣ. ಆ ಶೇಂಗಾವೂ ಆ ಮೆಣಸಿನಕಾಯಿಯೂ ಯಾವುದೋ ಕಾಲದಲ್ಲಿ ಪರಂಗಿಯವರ ಹಡಗಿನಲ್ಲಿ ಬಂದವೇ. ನಮ್ಮ ಮುತ್ತಜ್ಜನ ಮುತ್ತಜ್ಜ ಅವುಗಳನ್ನು ಕಂಡು 'ಇದೇನು ಹೊರಗಿನ ಸಾಮಾನು' ಎಂದು ಮೂಗು ಮುರಿದಿದ್ದರೂ ಮುರಿದಿರಬಹುದು. ಈಗ ಅವೇ ಊರ ಗೌಡರಾಗಿ ಕುಳಿತಿವೆ.

ಹೋಗುವ ಸಾಮಾನಿನ ಕಥೆಯೂ ಅಷ್ಟೇ ವಿಚಿತ್ರ. ಮಾಗಳದ ಕಡೆ ನನ್ನ ಗೆಳೆಯನೊಬ್ಬ ಮಿಡಿಸೌತೆ ಬೆಳೆಯುತ್ತಾನೆ. ಅದು ಉಪ್ಪುನೀರಿನ ಡ್ರಮ್ಮಿನಲ್ಲಿ ಕೂತು ವಿದೇಶಕ್ಕೆ ಹೋಗುತ್ತದೆ. ಬೆರಳಿನಷ್ಟು ಇದ್ದಾಗ ಕಿತ್ತರೆ ಹಡಗಿಗೆ, ಒಂದು ದಿನ ತಡವಾಗಿ ದಪ್ಪಗಾದರೆ ಎಮ್ಮೆಗೆ. ಅವನ ಎಮ್ಮೆ ಬಲು ಮೈತುಂಬಿಕೊಂಡಿದೆ. ಅವನ ಮನೆಯಲ್ಲಿ ಮಾತ್ರ ಯಾರೂ ಅದನ್ನು ಬಾಯಿಗಿಡುವುದಿಲ್ಲ.

ಇಷ್ಟೆಲ್ಲ ದೂರದಿಂದ ನೋಡಿ ನಗುತ್ತಿದ್ದವನಿಗೆ, ಈ ಜಾಗತೀಕರಣ ನಮ್ಮ ಅಕ್ಕನ ಪಡಸಾಲೆಗೇ ಬಂದು ಕುಳಿತಾಗ ನಗು ಸ್ವಲ್ಪ ಅಡಗಿತು.

ಅಕ್ಕ ಕೊಟ್ರಮ್ಮ, ನಮ್ಮೆಲ್ಲರ ಬಾಯಲ್ಲಿ ಕೊಟ್ರಕ್ಕ, ಕೊಟ್ಟೂರಿನಲ್ಲಿದ್ದಾಳೆ. ಹಳೆಯ ಸೀರೆ, ಪಂಚೆ, ಹರಿದ ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವಳ ಕೈ ಪಳಗಿದ್ದು. ನಮ್ಮ ಬಂಧುಬಳಗದಲ್ಲಿ ಅವಳ ಕೌದಿ ಇಲ್ಲದ ಮನೆಯಿಲ್ಲ. ಆದರೆ ಕೌದಿಗೆ ಯಾವಾಗಲೂ ಹೊದ್ದವರ ಹೆಸರು. ಇದು ಕೂಸಿನ ಕೌದಿ, ಅದು ದೊಡ್ಡಪ್ಪನ ಕೌದಿ. ಕೊಟ್ರಕ್ಕನ ಕೌದಿ ಎಂದು ಯಾರೂ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ.

ಎರಡು ವರ್ಷದ ಕೆಳಗೆ ಹರಪನಹಳ್ಳಿಯ ಶೈಲಾ ಎಂಬ ಹುಡುಗಿ ಬಂದಳು. ಹಳ್ಳಿ ಹೆಂಗಸರ ಕೈಗೆಲಸವನ್ನು ಹೊರದೇಶಕ್ಕೆ ಕಳಿಸುವ ಕಂಪನಿಯೊಂದರಲ್ಲಿ ಅವಳಿಗೆ ಸಂಬಳದ ಕೆಲಸ. ಅಕ್ಕನ ಕೌದಿಗಳನ್ನು ಕೊಂಡು, ಪ್ರತಿಯೊಂದರ ಬೆನ್ನಿಗೂ ಒಂದು ಬಟ್ಟೆಯ ಪಟ್ಟಿ ಹೊಲಿಸಿದಳು. ಅದರಲ್ಲಿ 'ಕೊಟ್ರಮ್ಮ, ಕೊಟ್ಟೂರು' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿತ್ತು. ಅಕ್ಕ ಹಾಗೇ ಉಳಿದ ಒಂದು ಪಟ್ಟಿಯನ್ನು ದೇವರ ಜಗಲಿಯ ಮೇಲೆ ಇಟ್ಟುಕೊಂಡಳು. ನಾನು ಹೋದಾಗಲೆಲ್ಲ, ಬೇರೆ ಏನನ್ನೋ ಹುಡುಕುವ ನೆಪದಲ್ಲಿ, ಅದನ್ನು ನನ್ನ ಕಣ್ಣಿಗೆ ಬೀಳಿಸುತ್ತಿದ್ದಳು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಕೌದಿ ಹೊಲಿದು ಮುಗಿಯುವಾಗ ಒಂದು ಮೂಲೆಯನ್ನು ತೆರೆದು ಬಿಡುತ್ತಾರೆ. ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಕೊನೆಯ ಹೊಲಿಗೆ ಹಾಕುತ್ತಾರೆ. ಹಸಿದ ಕೌದಿ ನಿದ್ದೆ ಕೊಡುವುದಿಲ್ಲವಂತೆ. ನಮ್ಮ ಮನೆಯ ಹಳೆಯ ಕೌದಿಗಳಿಗೆಲ್ಲ ಒಂದೊಂದು ಮೂಲೆ ಇಲ್ಲ. ಇಲಿಗಳಿಗೆ ವಿಳಾಸ ಚೆನ್ನಾಗಿ ಗೊತ್ತು.

ವಿಳಾಸ ಹುಳುಗಳಿಗೂ ಗೊತ್ತಾಯಿತು. ಒಂದು ದಿನ ಶೈಲಾ ಮುಖ ಇಳಿಬಿಟ್ಟುಕೊಂಡು ಬಂದಳು. ಭಾನುವಾರವಾದ್ದರಿಂದ ನಾನೂ ಅಲ್ಲೇ ಇದ್ದೆ.

"ಅಮ್ಮಾರೇ, ಮೂಲ್ಯಾಗೆ ಏನಿಟ್ಟಿದ್ರಿ? ಹುಳ ಆಗ್ಯಾವೆ. ಇಡೀ ಗಂಟು ವಾಪಸ್ ಬಂದೈತೆ."

"ಏನಿಡ್ತಾರವ್ವ, ಹೋಳಿಗಿ ಇಟ್ಟಿದ್ದೆ" ಎಂದಳು ಅಕ್ಕ. "ದೂರ ಹೋಗೋದು ಅಂತ ತುಪ್ಪನೂ ಹಚ್ಚಿದ್ದೆ."

ಶೈಲಾ ಹಣೆ ಒತ್ತಿಕೊಂಡಳು. ಇನ್ನು ಮುಂದೆ ಕೌದಿಯೊಳಗೆ ಒಂದು ಕಾಳೂ ಇರಕೂಡದು, ಇದ್ದರೆ ಕಂಪನಿ ಬೇರೆ ಊರಿನ ಹೆಂಗಸರಿಂದ ಹೊಲಿಸಿಕೊಳ್ಳುತ್ತದೆ ಎಂದಳು. ಮುಂದಿನ ಭಾನುವಾರ ಬರುತ್ತೇನೆ, ಕೈಯಲ್ಲಿರುವ ಕೌದಿಯನ್ನು ಖಾಲಿ ಮೂಲೆ ಹೊಲಿದು ಕೊಡಿ, ಇಲ್ಲ ಆಗುವುದಿಲ್ಲ ಅಂತ ಹೇಳಿಬಿಡಿ ಎಂದು ಎದ್ದಳು. ಅವಳ ದನಿಯಲ್ಲಿ ಜೋರಿರಲಿಲ್ಲ, ಸಂಕಟವಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. "ನೀ ಇದನ್ನ ಹುಡುಗ್ರಿಗೆ ಕಲಸ್ತೀಯಲ್ಲ. ಹೇಳು, ಏನ್ ಮಾಡ್ಲಿ?"

ಇಂಥ ಹೊತ್ತಿಗಾಗಿ ನಾನು ಓದಿಕೊಂಡದ್ದು ಬೇಕಾದಷ್ಟಿತ್ತು. ಗಂಟಲು ಸರಿಮಾಡಿಕೊಂಡು, "ಗಿರಾಕಿ ಅಂದ್ರ ದೇವರಿದ್ದಂಗ ಅಕ್ಕಾ, ಅವರು ಹೇಳಿದಂಗ ಕೇಳಬೇಕು" ಎಂದೆ.

"ದೇವರಿಗೂ ಎಡಿ ಹಿಡಿದೇ ನಾವು ಉಣ್ಣೋದು."

ಹಾಗಾದರೆ ಮೂಲೆಯ ಮೇಲೆ ಬಿಳಿ ದಾರದಲ್ಲಿ ಒಂದು ರೊಟ್ಟಿಯ ಚಿತ್ರ ಹೊಲಿದುಬಿಡು, ನೋಡುವುದಕ್ಕೂ ಚೆಂದ ಎಂದೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ.

"ಲೇ, ಮಧ್ಯಾಹ್ನಕ್ಕ ನಿನಗೂ ರೊಟ್ಟಿ ಚಿತ್ರ ಬರದು ಕೊಡ್ಲೇನು?"

ಅಕ್ಕನ ಸಂಕಟ ಆಗ ನನಗೆ ತಟ್ಟಿತು. ಹೊಲಿದು ಕೊಟ್ಟರೆ ತನ್ನ ಹೆಸರು ಹೊತ್ತ ಕೌದಿ ಹಸಿದ ಹೊಟ್ಟೆಯಲ್ಲಿ ಊರು ಬಿಡುತ್ತದೆ. ಕೊಡದಿದ್ದರೆ ಆ ಹೆಸರು ಇನ್ನೆಲ್ಲೂ ಹೋಗುವುದಿಲ್ಲ. ನನಗಿಂತ ಮೊದಲು ಹುಟ್ಟಿ, ನನ್ನನ್ನು ಎತ್ತಿ ಆಡಿಸಿ, ನನ್ನ ಓದಿಗಾಗಿ ತನ್ನ ಓದು ಬಿಟ್ಟವಳು ಅಕ್ಕ. ನನ್ನ ಹೆಸರು ಕಾಲೇಜಿನ ಬೋರ್ಡಿನ ಮೇಲಿದೆ. ಅವಳದು ಇದ್ದದ್ದು ರೇಷನ್ ಕಾರ್ಡಿನಲ್ಲಿ ಮತ್ತು ಆ ಪಟ್ಟಿಯಲ್ಲಿ. ಆ ಪಟ್ಟಿ ನಿಲ್ಲಬಾರದು ಎಂದು ನನಗೆ ತುಂಬ ಆಸೆಯಾಯಿತು. ಬಾಧಕಗಳನ್ನೆಲ್ಲ ಆ ಗಳಿಗೆ ಮರೆತೇಬಿಟ್ಟಿದ್ದೆ.

ಮುಂದಿನ ಭಾನುವಾರ ನಾನು ಹೋಗದೆ ಇರಲಾಗಲಿಲ್ಲ. ಕೌದಿ ಪಡಸಾಲೆಯಲ್ಲಿ ಮಡಚಿಟ್ಟಿತ್ತು, ಒಂದು ಮೂಲೆ ಬಾಯಿ ತೆರೆದುಕೊಂಡೇ ಇತ್ತು. ಮಧ್ಯಾಹ್ನದ ಉರಿಬಿಸಿಲಲ್ಲಿ ಶೈಲಾ ಬಂದಳು. ಬೆಳಿಗ್ಗೆ ಹಡಗಲಿ, ಆಮೇಲೆ ಕೂಡ್ಲಿಗಿ, ಅಲ್ಲಿಂದ ಇಲ್ಲಿಗೆ ಎಂದು ಬಸ್ಸು ಬದಲಿಸಿ ಬದಲಿಸಿ ಅವಳ ಮುಖ ಬಾಡಿತ್ತು.

ಅಕ್ಕ ಕೌದಿಯ ಮಾತೆತ್ತಲಿಲ್ಲ. "ಉಂಡಿಯೇನವ್ವ?" ಎಂದಳು.

"ಎಲ್ಲಿ ಅಮ್ಮಾ, ಬೆಳಿಗ್ಗೆಯಿಂದ ಟೈಮೇ ಆಗಿಲ್ಲ."

"ಊರೂರು ತಿರುಗ್ಸಿ ಉಪವಾಸ ಕೆಡವ್ತಾರಲ್ಲ, ಎಂಥ ಮಂದಿ ಅವ್ರು" ಎನ್ನುತ್ತಾ ಅಕ್ಕ ಸುತ್ತ ನೋಡಿದಳು. ಬಂದವರನ್ನು ಬರಿ ನೆಲದ ಮೇಲೆ ಕೂರಿಸುವುದು ಅವಳಿಂದಾಗದು. ಕೈಗೆ ಸಿಕ್ಕಿದ್ದು ಆ ಕೌದಿಯೇ, ಅದನ್ನೇ ಹಾಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಬಂತು, ಆಮೇಲೆ ಅನ್ನ ಮಜ್ಜಿಗೆ. ಹುಡುಗಿ ಮೊದಲು ನಾಚಿಕೊಂಡಳು, ಆಮೇಲೆ ಮಾತೂ ಆಡದೆ ಉಂಡಳು. ಕೈ ತೊಳೆದು ಬಂದು ಗೋಡೆಗೆ ಒರಗಿ, "ಐದು ನಿಮಿಷ ಅಮ್ಮಾ" ಎಂದವಳು ಹಾಗೇ ಕೌದಿಯ ಮೇಲೆ ಜಾರಿ ನಿದ್ದೆಹೋದಳು. ಫೋನು ಎರಡು ಸಲ ಹೊಡೆದುಕೊಂಡರೂ ಅವಳಿಗೆ ಎಚ್ಚರವಾಗಲಿಲ್ಲ.

ಅಕ್ಕ ಅವಳನ್ನೇ ನೋಡುತ್ತಾ ಬಹಳ ಹೊತ್ತು ಕುಳಿತಿದ್ದಳು. ಆಮೇಲೆ ಸೂಜಿಗೆ ದಾರ ಪೋಣಿಸಿಕೊಂಡು, ಹುಡುಗಿಯ ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತೆರೆದ ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಏನೂ ಇಡಲ್ಲೇನು?" ಎಂದು ಪಿಸುಗುಟ್ಟಿದೆ.

"ಉಂಡು ಮಲಗ್ಯಾಳಲ್ಲೋ" ಎಂದಳು ಅಕ್ಕ, "ಇನ್ನೇನ್ ಇಡ್ಲಿ?"

ಅಂದಿನಿಂದ ಅಕ್ಕನ ಮನೆಯಲ್ಲಿ ಹೊಸ ಪದ್ಧತಿ. ಕೌದಿ ಮುಗಿಯುವ ದಿನ ಅದರ ಮೇಲೆ ಯಾರಾದರೂ ಹೊಟ್ಟೆತುಂಬ ಉಂಡು ಒಂದು ನಿದ್ದೆ ತೆಗೆಯಬೇಕು. ಆಮೇಲೆ ಒಗೆದು, ಇಸ್ತ್ರಿ ಮಾಡಿ ಶೈಲಾಳ ಕೈಗೆ. ಶೈಲಾ ಸಿಗದ ದಿನ ಈ ಕೆಲಸ ನನ್ನ ಪಾಲಿಗೆ. ದೇಶದ ರಫ್ತು ವ್ಯಾಪಾರಕ್ಕೆ ಗೊರಕೆ ಹೊಡೆದು ದುಡಿಯುತ್ತಿರುವ ಅರ್ಥಶಾಸ್ತ್ರದ ಮೇಷ್ಟ್ರು ಬೇರೊಬ್ಬನಿರಲಾರ.

ಮೊನ್ನೆ ಹಾಗೆ ಎದ್ದು ಕಣ್ಣುಜ್ಜಿಕೊಳ್ಳುತ್ತಾ, "ಈ ಸಲದ್ದು ಯಾವ ದೇಶಕ್ಕ ಹೊಂಟೈತಕ್ಕಾ?" ಎಂದು ಕೇಳಿದೆ.

ಅಕ್ಕ ಹಲ್ಲಿನಿಂದ ದಾರ ಕಡಿದಳು. "ಯಾವುದೋ ಏನೋಪಾ. ಎಲ್ಲಿಗಾರ ಹೋಗ್ಲಿ, ನಮ್ಮ ಮನಿಯಿಂದ ಹಸ್ಕೊಂಡು ಹೋಗಬಾರ್ದು."