ಬದುಕಿದ್ದವರಿಗೆ ಬೇಸಣು

ಅಹಮದಾಬಾದಿನ ಮಣಿನಗರದ ನಮ್ಮ ಮನೆಯ ಜಗಲಿಗೆ ಭಾನುವಾರ ಬೆಳಿಗ್ಗೆ ಇಬ್ಬರು ತಪ್ಪದೆ ಬರುತ್ತಿದ್ದರು. ಒಬ್ಬರು ಧಾರವಾಡದ ಕಡೆಯ ಬ್ಯಾಂಕ್ ಗುಮಾಸ್ತರು, ಇನ್ನೊಬ್ಬರು ಸ್ಟೇಷನ್ ಎದುರು ಹೋಟೆಲ್ ಇಟ್ಟಿದ್ದ ಕುಂದಾಪುರದವರು. ಅಪ್ಪ ಮೈಸೂರಿನವರು, ವಿಮಾ ಕಚೇರಿಯಲ್ಲಿದ್ದರು. ಮೂವರ ಊರು, ಜಾತಿ, ಊಟ ಯಾವುದೂ ಒಂದಲ್ಲ. ಅವರನ್ನು ಒಂದು ಚಾಪೆಯ ಮೇಲೆ ಕೂರಿಸುತ್ತಿದ್ದದ್ದು ಒಂದು ಬಟ್ಟೆ ಗಿರಣಿಯ ಫುಟ್‌ಬಾಲ್ ತಂಡ. ಮೂವರಲ್ಲಿ ಒಬ್ಬರೂ ಎಂದೂ ಚೆಂಡು ಒದ್ದವರಲ್ಲ.

ಇದು ಬಹಳ ವರ್ಷಗಳ ಹಿಂದಿನ ಮಾತು. ಬರೋಡದಲ್ಲಿ ಎಂ.ಎ. ಮುಗಿಸಿ ಬಂದು ನಾನು ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿದ್ದೆ. ಜಗಲಿಯ ಕಡೆಗೆ ತೆರೆಯುವ ಕಿಟಕಿ ನನ್ನ ಕೋಣೆಯದೇ ಆದ್ದರಿಂದ, ಬೇಕಿರಲಿ ಬಿಡಲಿ, ಅವರ ಮಾತೆಲ್ಲ ನನಗೆ ಕೇಳುತ್ತಿತ್ತು.

ಅಹಮದಾಬಾದು ಕ್ರಿಕೆಟ್ಟಿನ ಊರು. ಇವರು ಫುಟ್‌ಬಾಲಿಗೆ ಬಿದ್ದದ್ದು ತಂಡದ ಕೋಚ್ ಕನ್ನಡದವರು ಎಂಬ ಒಂದೇ ಕಾರಣಕ್ಕೆ. ಅವರು ಕೋಲಾರದ ಗಣಿಯ ಕಡೆಯವರು. ನಮ್ಮ ಎದುರು ಸಾಲಿನಲ್ಲೇ ಹೆಂಡತಿಯೊಂದಿಗೆ ಇದ್ದರು. ಮೊದಲು ಅದೇ ತಂಡಕ್ಕೆ ಆಡುತ್ತಿದ್ದವರು ಮಂಡಿ ಕೆಟ್ಟು ಆಟ ನಿಂತ ಮೇಲೆ ಕೋಚ್ ಆಗಿದ್ದರು. ಕೋಚ್ ಆಗಿರುವಷ್ಟು ಕಾಲ ಅವರಿಗೆ ಹಗಲು ಗಿರಣಿಯ ಟೈಮ್ ಆಫೀಸಿನಲ್ಲಿ ಕುರ್ಚಿಯ ಕೆಲಸ, ಸಂಜೆ ಮೈದಾನ. ಕೋಚ್ ಅಲ್ಲವೆಂದಾದ ದಿನ ಮತ್ತೆ ಮಗ್ಗದ ಖಾತೆಗೆ ಹೋಗಬೇಕು. ಅಲ್ಲಿ ಪಾಳಿ ಮುಗಿಯುವ ತನಕ ನಿಂತೇ ಇರಬೇಕು. ಅವರು ನಮ್ಮ ಮನೆಯ ಎರಡು ಮೆಟ್ಟಿಲು ಹತ್ತುವುದಕ್ಕೇ ಗೋಡೆ ಹಿಡಿಯುತ್ತಿದ್ದರು. ಜಗಲಿಯ ಮೂವರೂ ಅದನ್ನು ಪ್ರತಿವಾರ ನೋಡುತ್ತಿದ್ದರು.

ತಂಡ ಗೆದ್ದ ವರ್ಷ ಹೋಟೆಲಿನವರು ಕೋಚ್ ಅವರ ಫೋಟೋ ತೆಗೆಸಿ, ಕಟ್ಟು ಹಾಕಿಸಿ, ಗಲ್ಲಾದ ಹಿಂದೆ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದರು. ಬ್ಯಾಂಕಿನವರು ಅವರನ್ನು ‘ಗುರುಗಳ’ ಎನ್ನುತ್ತಿದ್ದರು. ಆಮೇಲೆ ತಂಡ ಸೋಲತೊಡಗಿತು. ಫೋಟೋ ಗೋಡೆಯಲ್ಲೇ ಉಳಿಯಿತು, ‘ಗುರುಗಳ’ ಕೂಡ ಉಳಿಯಿತು. ಹೇಳುವ ಧಾಟಿ ಮಾತ್ರ ಬೇರೆಯಾಯಿತು.

ತಂಡದ ಉಸ್ತುವಾರಿ ಇದ್ದ ಗಿರಣಿಯ ಒಬ್ಬ ಅಧಿಕಾರಿ ಬೆಳಗಿನ ಹೊತ್ತು ಕಾಂಕರಿಯಾ ಕೆರೆಯ ಸುತ್ತ ಅಪ್ಪನ ಜೊತೆ ನಡೆಯುತ್ತಿದ್ದರು. ಒಂದು ದಿನ ಅವರು, “ನನಗೆ ಈ ಆಟ ತಿಳಿಯುವುದಿಲ್ಲ. ನಿಮ್ಮವರಿಗೆ ತಿಳಿಯುತ್ತದೆ. ಬೇರೆ ಯಾರನ್ನು ತರೋಣ, ನೀವೇ ಒಂದು ಹೆಸರು ಹೇಳಿ” ಎಂದರಂತೆ. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅದನ್ನು ಅಮ್ಮನಿಗೆ ಹೇಳಿದರು. ಅಮ್ಮ, “ಪಾಪ, ಅವರ ಕಾಲು” ಎಂದಳು. ಅಪ್ಪ, “ಆಟಕ್ಕೂ ಕಾಲೇ ಬೇಕು ಕಣೇ” ಎಂದರು.

ಆ ಭಾನುವಾರದಿಂದ ಜಗಲಿಯ ಮಾತಿಗೆ ಬೇರೆಯೇ ಕಳೆ ಬಂತು.

“ಏನ್ ಕಲಸ್ಯಾನ್ರೀ ಸರ ಅಂವಾ?” ಬ್ಯಾಂಕಿನವರು ಶುರುಮಾಡುತ್ತಿದ್ದರು. “ಹನ್ನೊಂದೂ ಮಂದೀನ ಗೋಲಿನ ಮುಂದ ನಿಲ್ಲಸ್ತಾನ. ಆದ್ರೂ ಚೆಂಡು ಒಳಗ ಹೋಗ್ತದ. ಇದು ಆಟಲ್ಲ, ಪವಾಡ.”

“ಕುಂಟುವವರ ಹತ್ರ ಓಡ್ಲಿಕ್ಕೆ ಕಲಿಯುದು ಹ್ಯಾಂಗೆ ಮಾರಾಯ್ರೆ?” ಹೋಟೆಲಿನವರು. “ಮೊನ್ನೆ ನೋಡ್ತೇನೆ, ಹುಡುಗ್ರೂ ಕುಂಟ್ಲಿಕ್ಕೆ ಶುರು ಮಾಡಿದ್ದಾರೆ.”

“ಮೆಲ್ಲಗೆ, ಮೆಲ್ಲಗೆ. ಎದುರುಮನೇಲೇ ಇದ್ದಾರೆ ಅವರು,” ಎಂದು ಅಪ್ಪ ನಗುತ್ತಿದ್ದರು. ಯಾರ ದನಿಯೂ ಇಳಿಯುತ್ತಿರಲಿಲ್ಲ.

ಮೊದಲು ಬಂದ ಹೆಸರು ಸೂರತ್ತಿನಲ್ಲಿದ್ದ ಒಬ್ಬ ಗೋವಾದವನದು. ಹಿಂದೆ ಒಳ್ಳೆಯ ಗೋಲ್‌ಕೀಪರ್ ಆಗಿದ್ದನಂತೆ.

“ಅಂವಾ ಸೂರತ್ ಬಿಟ್ಟು ಬರಂಗಿಲ್ಲ ತಗೋರಿ,” ಎಂದರು ಬ್ಯಾಂಕಿನವರು. “ಗುಜರಾತಿನಾಗ ಪಾನನಿಷೇಧ; ಅಲ್ಲಿಂದರ ಸೆರೆ ಸಿಗೂ ದಮನ್ ಹತ್ರ. ಇಲ್ಲಿ ಬಂದ್ರ ಕುಡಿಯಾಕ ಏನದ? ನಿಮ್ಮ ಹೋಟೆಲಿನ ಸಾರು?”

“ನಮ್ಮ ಸಾರಿಗೆ ಎಂಥ ಆಯ್ತು? ನಿಮ್ಮ ಗುರುಗಳು ಮೂರು ಲೋಟ ಕುಡೀತಾರೆ. ಕುಡಿದು ಸೋಲ್ತಾರೆ, ಅದು ಬೇರೆ.”

ಅಪ್ಪನಿಗೆ ಬರೋಡದಲ್ಲಿ ಒಬ್ಬ ಬಂಗಾಲಿ ಪ್ರೊಫೆಸರ್ ಇದ್ದಾರೆಂದು ಎಲ್ಲಿಂದಲೋ ಗೊತ್ತಾಗಿತ್ತು. ಕಿಟಕಿಯತ್ತ ತಿರುಗಿ ನನ್ನನ್ನೇ ಕೇಳಿದರು: “ನೀನು ನೋಡಿದ್ದೀಯಲ್ಲ, ಹೇಗೆ ಮನುಷ್ಯ?”

“ಅವರು ರಸಾಯನಶಾಸ್ತ್ರ ಹೇಳಿಕೊಡ್ತಾರೆ ಅಪ್ಪ.”

“ಅದಕ್ಕೇನು, ಬಂಗಾಲಿ ಅಲ್ವಾ? ಹುಟ್ಟುವಾಗಲೇ ಚೆಂಡು ಒದ್ದಿರ್ತಾರೆ.”

“ನಮ್ಮ ಅಡುಗೆ ಭಟ್ರನ್ನೇ ಕಳಿಸ್ತೇನೆ,” ಎಂದರು ಹೋಟೆಲಿನವರು. “ಕಾಲಾದ್ರೂ ನೆಟ್ಟಗುಂಟು.”

ಇಂಥ ಒಂದು ಬೆಳಿಗ್ಗೆ ಕೋಚ್ ತಾವೇ ಬಂದರು. ಗೋಡೆ ಹಿಡಿದು ಮೆಟ್ಟಿಲು ಹತ್ತಿ, ಕೂರದೆ ನಿಂತರು. ಬ್ಯಾಂಕಿನವರು, “ಬರ್ರಿ ಬರ್ರಿ ಗುರುಗಳ, ಈಗರ ನಿಮ್ಮ ನೆನಪಾತು” ಎಂದರು. ಕೋಚ್ ಅಪ್ಪನನ್ನಷ್ಟೇ ನೋಡಿ ಮಾತಾಡಿದರು.

“ಸಾರ್, ಹುಡುಗರು ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ದೆ ಮೈದಾನಕ್ಕೆ ಬರ್ತಾರೆ. ಪಂದ್ಯದ ಹಿಂದಿನ ದಿನ ಒಂದು ಬಿಡುವು ಕೊಟ್ರೆ ಸಾಕು, ಆಡ್ತಾರೆ. ಆಫೀಸರ್‌ಗೆ ಈ ಮಾತು ನೀವು ಹೇಳಿದ್ರೆ ಕೇಳ್ತಾರೆ. ನನ್ನ ತೆಗೆದ್ರೆ ಮಗ್ಗಕ್ಕೆ ಹಾಕ್ತಾರೆ ಸಾರ್. ಈ ಕಾಲಲ್ಲಿ ಅಲ್ಲಿ ನಿಲ್ಲೋಕೆ ಆಗಲ್ಲ.”

“ನೋಡೋಣ, ನೋಡೋಣ,” ಎಂದರು ಅಪ್ಪ.

ಅವರು ಬೀದಿ ದಾಟಿ ಮನೆಯೊಳಗೆ ಹೋಗುವುದನ್ನೂ ಕಾಯದೆ ಬ್ಯಾಂಕಿನವರು ಎದ್ದು, ಗೋಡೆ ಹಿಡಿದು, ಒಂದು ಕಾಲು ಎಳೆಯುತ್ತ ಜಗಲಿಯ ಉದ್ದಕ್ಕೂ ನಡೆದು ತೋರಿಸಿದರು. ಬಹಳ ಚೆನ್ನಾಗಿ ತೋರಿಸಿದರು. ಹೋಟೆಲಿನವರ ಕಣ್ಣಲ್ಲಿ ನೀರು ಬರುವಷ್ಟು ನಗು.

ಸೂರತ್ತಿನಲ್ಲಿ ನಡೆಯುವ ಪಂದ್ಯವೇ ಕೊನೆಯ ಪರೀಕ್ಷೆ ಎಂದು ಜಗಲಿಯಲ್ಲಿ ತೀರ್ಮಾನವಾಯಿತು. ಶನಿವಾರ ಸಂಜೆ ಸೂರತ್ತಿನ ನೆಂಟರೊಬ್ಬರು ಹೋಟೆಲಿಗೆ ಟ್ರಂಕ್ ಕಾಲ್ ಮಾಡಿ ಸೋಲಿನ ಸುದ್ದಿ ತಿಳಿಸಿದರು. ಮರುದಿನ ಬೆಳಿಗ್ಗೆ ಬ್ಯಾಂಕಿನವರು ಹೊಸ ಯೋಚನೆಯೊಂದಿಗೇ ಬಂದರು.

ಗುಜರಾತಿನಲ್ಲಿ ಯಾರಾದರೂ ತೀರಿಕೊಂಡರೆ ಬೇಸಣು ಇಡುತ್ತಾರೆ. ಬಿಳಿಯ ಹಾಸು ಹಾಸಿ, ಸತ್ತವರ ಫೋಟೋಗೆ ಹಾರ ಹಾಕಿ, ಊದುಬತ್ತಿ ಹಚ್ಚಿಡುತ್ತಾರೆ. ಬಂದವರು ಬಿಳಿ ಬಟ್ಟೆಯಲ್ಲಿ ಬರುತ್ತಾರೆ, ಮಾತಿಲ್ಲದೆ ಸ್ವಲ್ಪ ಹೊತ್ತು ಕೂತು, ಕೈ ಮುಗಿದು ಏಳುತ್ತಾರೆ. ಬೇರೆ ದಿನ ಬಾಯ್ತುಂಬ ಹೇಳುವ ‘ಆವ್‌ಜೋ’, ಮತ್ತೆ ಬನ್ನಿ ಎಂಬ ಮಾತನ್ನು, ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ನಮ್ಮವರು ಈ ಊರಿಗೆ ಬಂದು ಎಷ್ಟೋ ಬೇಸಣುಗಳಿಗೆ ಹೋಗಿ ಕೂತಿದ್ದರು. ಅದರ ರೀತಿನೀತಿ ಅವರಿಗೆ ಚೆನ್ನಾಗಿ ತಿಳಿದಿತ್ತು.

“ಇವತ್ತ ಕೋಚಿಂದು ಬೇಸಣು ಇಡೂಣ್ರಿ,” ಎಂದರು ಬ್ಯಾಂಕಿನವರು. “ಬಂದವರು ಹಾರ ಹಾಕಿ, ಮುಂದ ಯಾರು ಬೇಕಂತ ಒಂದು ಹೆಸರು ಹೇಳಿ ಹೋಗ್ಲಿ. ಇಲ್ಲಿಗೆ ಚರ್ಚಾ ಮುಗೀತು.”

“ಫೋಟೋ ನಮ್ಮಲ್ಲಿ ಉಂಟಲ್ಲ,” ಎಂದರು ಹೋಟೆಲಿನವರು.

ಅಪ್ಪ ಬೇಡ ಎನ್ನಲಿಲ್ಲ. ಅಮ್ಮ ಬಿಳಿ ಹಾಸು ಕೊಡುವುದಿಲ್ಲ ಎಂದಳು. ಹೋಟೆಲಿನಿಂದ ಮೇಜಿನ ಬಟ್ಟೆಗಳು ಬಂದವು. ಎರಡು ಸಾಲುಗಳ ನಡುವಿನ ಬೇವಿನ ಮರದ ಕೆಳಗೆ ಅವನ್ನು ಹಾಸಿ, ಕುರ್ಚಿಯ ಮೇಲೆ ಫೋಟೋ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಬ್ಯಾಂಕಿನಿಂದ, ಹೋಟೆಲಿನಿಂದ ಬಂದವರು, ತಂಡದ ಪಂದ್ಯಗಳಿಗೆ ಹೋಗುವವರು ಸೇರಿ ಕನ್ನಡದ ಹತ್ತಿಪ್ಪತ್ತು ಗಂಡಸರು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಗು ತಡೆಯಲಾಗದವರು ಕರವಸ್ತ್ರದಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ದೂರದಿಂದ ಅದು ಅಳುವ ಹಾಗೆಯೇ ಕಾಣುತ್ತಿತ್ತು.

ಹಿಂದಿನ ಸಾಲಿನ ಮನೆಗಳ ಗುಜರಾತಿ ಹೆಂಗಸರಿಗೂ ಹಾಗೆಯೇ ಕಂಡಿತು. ಕೋಚ್ ಸೂರತ್ತಿಗೆ ಹೋಗಿದ್ದಾರೆ, ಬೆಳಿಗ್ಗೆ ಬರಬೇಕಾದವರು ಇನ್ನೂ ಬಂದಿಲ್ಲ ಎಂಬುದು ನಲ್ಲಿಯ ಹತ್ತಿರ ಎಲ್ಲರಿಗೂ ಗೊತ್ತಾಗಿತ್ತು. ಅವರು ಗಂಡಸರ ಬಳಿ ಏನೂ ಕೇಳಲಿಲ್ಲ. ಸಾವಿನ ಹಾಸಿನ ಮುಂದೆ ಕೇಳುವ ಪದ್ಧತಿ ಇಲ್ಲ. ಮನೆಗೆ ಹೋಗಿ ಬಿಳಿ ಸೀರೆ ಉಟ್ಟು, ಸೆರಗು ಮುಖದ ಮೇಲೆ ಎಳೆದುಕೊಂಡು, ನೇರವಾಗಿ ಕೋಚ್ ಅವರ ಹೆಂಡತಿಯ ಬಳಿ ಹೋದರು.

ಅಳುವ ದನಿ ಕೇಳಿ ನಾನು ಬೀದಿ ದಾಟಿದೆ. ಹೋಗುವಾಗ ಮರದ ಕೆಳಗಿನಿಂದ ಯಾರೋ, “ಭಲೇ, ಇವರೂ ಸೇರಿಕೊಂಡ್ರು ನೋಡು” ಎಂದದ್ದು ಕೇಳಿಸಿತು.

ಆಕೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಕೈಗೆ ರೊಟ್ಟಿಯ ಹಿಟ್ಟು ಹತ್ತಿತ್ತು. ಸುತ್ತ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಅವರಲ್ಲಿ ಹಿರಿಯಳು, ಎಲ್ಲರೂ ಗುಜರಾತಿಯಲ್ಲಿ ‘ಬಾ’, ಅಂದರೆ ಅಮ್ಮ, ಎಂದು ಕರೆಯುವ ಮುದುಕಿ, ಆಕೆಯ ಎರಡೂ ಕೈ ಹಿಡಿದು ಬಳೆಗಳನ್ನು ಹೊಸ್ತಿಲಿಗೆ ಬಡಿದು ಒಡೆದಾಗಿತ್ತು. ಮುದುಕಿ ಅದನ್ನು ಮಾಡಿದ್ದು ದಯೆಯಿಂದ. ಆ ಕೆಲಸವನ್ನು ಮಾಡಲು ನೆಂಟರಿಲ್ಲದ ಊರಿನಲ್ಲಿ ತಾನೇ ಮುಂದೆ ಬಂದಿದ್ದಳು. ಕೋಚ್ ಅವರ ಹೆಂಡತಿಯ ಎಡಗೈಯಲ್ಲಿ ಗಾಜು ಹೊಕ್ಕು ರಕ್ತ ಹಿಟ್ಟಿನೊಂದಿಗೆ ಕಲೆತಿತ್ತು. ಆಕೆಗೆ ಗುಜರಾತಿ ಸರಿಯಾಗಿ ಬರುತ್ತಿರಲಿಲ್ಲ. ಆದರೆ ತಿಳಿಯದೇ ಇರುವಂಥದ್ದು ಅಲ್ಲೇನೂ ಇರಲಿಲ್ಲ.

ನಾನು ಮೊದಲು ಕನ್ನಡದಲ್ಲಿ, ಆಮೇಲೆ ಗುಜರಾತಿಯಲ್ಲಿ, ಯಾರೂ ಸತ್ತಿಲ್ಲ ಎಂದೆ. ಹೆಂಗಸರು ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿದರು. ಆಕೆ ನನ್ನ ಮುಖ ನೋಡಿದಳು.

“ಹಂಗಂದ್ರೆ ಫೋಟೋಗೆ ಹಾರ ಯಾಕಮ್ಮ ಹಾಕಿದ್ದಾರೆ?”

“ಆಟದಲ್ಲಿ ಸೋತಿದ್ದಕ್ಕೆ.”

ಅದನ್ನು ನಾನು ಗುಜರಾತಿಯಲ್ಲಿ ಆ ಮುದುಕಿಗೆ ಮತ್ತೆ ಹೇಳಬೇಕಾಯಿತು. ಎರಡು ಸಲ ಹೇಳಿದರೂ ಮುದುಕಿ ನಂಬಲಿಲ್ಲ. ಆಟದಲ್ಲಿ ಸೋತವರಿಗೆ ಬೇಸಣು ಇಡುವುದು ನಿಮ್ಮ ದೇಶದ ಪದ್ಧತಿಯೋ ಎಂದು ಕೇಳಿದಳು. ವ್ಯಂಗ್ಯವಾಗಿ ಅಲ್ಲ, ತಿಳಿದುಕೊಳ್ಳಲು.

ಅಷ್ಟರಲ್ಲಿ ಕೋಚ್ ಸ್ಟೇಷನ್ನಿನಿಂದ ನಡೆದು ಬಂದರು. ಗಾಡಿ ತಡವಾಗಿತ್ತು. ಮರದ ಕೆಳಗೆ ನಿಂತು ಹಾಸನ್ನು, ಜನರನ್ನು, ತಮ್ಮ ಫೋಟೋವನ್ನು ನೋಡಿದರು. ಯಾರೂ ಏಳಲಿಲ್ಲ. ಅವರು ಚಪ್ಪಲಿ ಬಿಟ್ಟು, ಒಂದು ಕಾಲು ಮುಂದಕ್ಕೆ ಚಾಚಿ, ಕಷ್ಟಪಟ್ಟು ಹಾಸಿನ ಮೇಲೆ ಕೂತರು.

“ಯಾರನ್ನ ಆರಿಸಿದ್ರಿ ಸಾರ್?” ಎಂದು ಅಪ್ಪನನ್ನು ಕೇಳಿದರು.

“ಅಯ್ಯೋ, ಇದೆಲ್ಲ ತಮಾಷೆ ಕಣ್ರೀ,” ಎಂದರು ಅಪ್ಪ.

“ಗೋವಾದವನು ಮುಂದಿದ್ದಾನೆ,” ಎಂದು ಹಿಂದಿನಿಂದ ಒಬ್ಬ ಹೇಳಿದ. ಅಷ್ಟು ಹೊತ್ತು ತಡೆದಿಟ್ಟಿದ್ದ ನಗುವೆಲ್ಲ ಒಮ್ಮೆಗೆ ಹೊರಗೆ ಬಂತು. ಕೋಚ್ ಕೂಡ ನಗಲು ನೋಡಿದರು. ಆಗ ಎದುರುಮನೆಯ ಬಾಗಿಲಲ್ಲಿ ಬಿಳಿ ಸೀರೆಯ ಹೆಂಗಸರ ನಡುವೆ ಅವರ ಹೆಂಡತಿ ಕಂಡಳು. ಬರಿಯ ಕೈ. ಅವರು ಏಳಲು ನೋಡಿದರು. ಮಂಡಿ ಏಳಗೊಡಲಿಲ್ಲ. ಕೈ ಕೊಟ್ಟು ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ. ಅವರು ಹಾಸಿನ ಮೇಲೆ ಕೈಯೂರಿ ತೆವಳಿ, ಮರದ ಬುಡ ಹಿಡಿದು ಎದ್ದರು.

ಅಮ್ಮ ಮರುದಿನ ಬಳೆಗಾರನನ್ನು ಕರೆಸಿದಳು. ಎದುರುಮನೆಯಾಕೆ ಬಾಗಿಲು ತೆರೆಯಲಿಲ್ಲ.

ಇಷ್ಟಾದ ಮೇಲೂ ಅಪ್ಪ ಕೆರೆಯ ಬಳಿ ಅಧಿಕಾರಿಗೆ ಗೋವಾದವನ ಹೆಸರನ್ನೇ ಹೇಳಿದರು. ಅಧಿಕಾರಿ ಆ ಹೊತ್ತಿಗಾಗಲೇ ತನ್ನ ಹೆಂಡತಿಯ ತಮ್ಮನನ್ನು, ಶಾಲೆಯೊಂದರ ಡ್ರಿಲ್ ಮೇಷ್ಟರನ್ನು, ನೇಮಿಸಿ ಆಗಿತ್ತು. ಅಪ್ಪನಿಗೆ ಬಹಳ ಅವಮಾನವಾಯಿತು. ಒಂದು ವಾರ ಅವರು ಬೇರೆ ದಾರಿಯಲ್ಲಿ ನಡೆಯಲು ಹೋದರು. ಕೋಚ್ ಮಗ್ಗದ ಖಾತೆಗೆ ಹೋದರು.

ಬೆಳಗಿನ ಪಾಳಿ ಮುಗಿಸಿ ಬರುವಾಗ ಅವರ ತಲೆಯ ತುಂಬ ಹತ್ತಿಯ ನಾರು ಇರುತ್ತಿತ್ತು. ಎರಡು ವಿದ್ಯುತ್ ಕಂಬಗಳ ನಡುವೆ ಒಮ್ಮೆ ನಿಲ್ಲುತ್ತಿದ್ದರು, ಬರಬರುತ್ತಾ ಎರಡು ಸಲ. ನಮ್ಮ ಜಗಲಿಯತ್ತ ನೋಡುತ್ತಿರಲಿಲ್ಲ.

ಬ್ಯಾಂಕಿಗೆ ರಜೆ ಇದ್ದ ಒಂದು ದಿನ ಮೂವರೂ ಜಗಲಿಯಲ್ಲಿದ್ದರು. ಗಿರಣಿಗೆ ರಜೆ ಇರಲಿಲ್ಲ. ಡ್ರಿಲ್ ಮೇಷ್ಟರ ತಂಡ ಹಿಂದಿನ ದಿನ ಸೋತಿತ್ತು; ಅವರನ್ನು ತೆಗೆದು ಯಾರನ್ನು ತರಬೇಕೆಂಬ ಮಾತು ನಡೆದಿತ್ತು. ಕೋಚ್ ಗೇಟಿನ ಮುಂದೆ ಹಾಯುವಾಗ ಬ್ಯಾಂಕಿನವರು ಕೂಗಿದರು:

“ಗುರುಗಳ, ಮತ್ತ ಬರ್ತೀರೇನ್ರಿ ತಂಡಕ್ಕ? ಇವತ್ತ ನಿಮ್ಮ ಹೆಸರೇ ಎದ್ದದ ನೋಡ್ರಿ!”

ಅವರು ನಿಂತರು. ಗೇಟಿನ ಮೇಲೆ ಕೈಯಿಟ್ಟು ಅಪ್ಪನನ್ನು ನೋಡಿದರು. ಅವರ ಮುಖ ನನಗೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು. ಅವರು ನಂಬಿದ್ದರು.

“ನಿಜಾನಾ ಸಾರ್? ಆಫೀಸರ್ ಒಪ್ತಾರಾ?”

ಹೋಟೆಲಿನವರ ನಗು ಮೊದಲು ಮೂಗಿನಿಂದ ಬಂತು. ಆಮೇಲೆ ಬ್ಯಾಂಕಿನವರದು. ಅಪ್ಪ ಪೇಪರ್ ಎತ್ತಿ ಹಿಡಿದರು. ನಗು ಮುಗಿದ ಮೇಲೆ ಉತ್ತರ ಬರಬಹುದು ಎನ್ನುವ ಹಾಗೆ ಕೋಚ್ ಇನ್ನೂ ನಿಂತೇ ಇದ್ದರು.

ಎದುರುಮನೆಯ ಬಾಗಿಲಿನಿಂದ ಅವರ ಹೆಂಡತಿ ಕೂಗಿದಳು. ಬೀದಿಗೆಲ್ಲ ಕೇಳುವ ಹಾಗೆ, ಕನ್ನಡದಲ್ಲಿ.

“ಬನ್ರೀ ಈಚೆಗೆ. ಸತ್ತೋರ್ನ ಯಾರ್ರೀ ಆಟಕ್ಕೆ ಸೇರಿಸ್ಕೊಂತಾರೆ?”

ಅದಕ್ಕೂ ಬ್ಯಾಂಕಿನವರು ನಕ್ಕರು. ಕೋಚ್ ಗೇಟಿನಿಂದ ಕೈ ತೆಗೆದು ಬೀದಿ ದಾಟತೊಡಗಿದರು. ಆಕೆ ಎದುರು ಹೋಗಲಿಲ್ಲ. ಅವರು ತಲುಪುವವರೆಗೆ ಬಾಗಿಲು ಹಿಡಿದು ನಿಂತಿದ್ದು, ಒಳಗೆ ಬಂದ ಮೇಲೆ ಹಾಕಿಕೊಂಡಳು.