ಅಕ್ಕನ ಬಾಯಲ್ಲಿ ನಾನು ಇಟ್ಟ ಮಾತು

1946ರ ಜನವರಿ 6, ರವಿವಾರ. ಮುಂಜಾನೆ ಏಳೂವರೆ. ಮಾನ್ವಿಯ ಮನೆಯ ಪಡಸಾಲೆಯಲ್ಲಿ ಬರೆಯಲು ಕೂತಿದ್ದೇನೆ.

ಹೋದ ಶ್ರಾವಣದಲ್ಲಿ ನನ್ನ ಅಕ್ಕ ದೇವದುರ್ಗದ ಗಂಡನ ಮನೆಯಲ್ಲಿ ಕಾಲರಾದಿಂದ ತೀರಿಕೊಂಡಳು. ನಾನು ರಾಯಚೂರಿನಲ್ಲಿ ಓದುತ್ತಿದ್ದೆ, ಅವ್ವ ಇಲ್ಲಿದ್ದಳು. ಸುದ್ದಿ ಬರುವಷ್ಟರಲ್ಲಿ ಮಣ್ಣು ಮಾಡಿದ್ದರು. ಬೇನೆ ಬಿದ್ದ ಊರಿಗೆ ಹೋಗಬೇಡಿರೆಂದು ಹಿರಿಯರು ತಡೆದರು.

ರಾಯಚೂರಿನಲ್ಲಿ ನಾವು ಕೆಲವರು ಹುಡುಗರು ಸೇರಿ ಈ ಕೈಬರಹದ ಪತ್ರಿಕೆ ನಡೆಸುತ್ತೇವೆ. ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡ ಬರೆಯಲು ನಮಗಿರುವುದು ಇದೊಂದೇ ಜಾಗ. ದುಂಡನೆಯ ಅಕ್ಷರದ ಗೆಳೆಯನೊಬ್ಬ ಎಲ್ಲರ ಬರಹವನ್ನೂ ಒಂದೇ ಪ್ರತಿಯಾಗಿ ಇಳಿಸುತ್ತಾನೆ. ಅದು ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ.

ಅದಕ್ಕೆಂದು ಅಕ್ಕನ ಬಗ್ಗೆ ನಾಲ್ಕು ಪುಟ ಬರೆದೆ. ದಿನಚರಿ ನೋಡಿಕೊಂಡು ಬರೆದದ್ದು: ಮದುವೆ ಯಾವತ್ತು, ತವರಿಗೆ ಯಾವಾಗ ಬಂದಳು, ಪ್ರತಿ ಸಲ ಎಷ್ಟು ದಿನ ಇದ್ದಳು. ಕೊನೆಯ ಹನ್ನೊಂದು ಸಾಲು ಮಾತ್ರ ದಿನಚರಿಯಲ್ಲಿ ಇಲ್ಲದ್ದು. ಅದರಲ್ಲಿ ಮಾವ, ಅಂದರೆ ಅಕ್ಕನ ಗಂಡ, ಅವಳ ತಲೆಯ ಬಳಿ ಕೂತಿದ್ದಾರೆ. ಅವಳು ಮಾನ್ವಿಯ ದಿಕ್ಕಿನ ಕಿಟಕಿ ತೆರೆಸಿ, "ಅವ್ವಗ ಹೇಳ್ರಿ, ನಾ ಉಂಡೀನಿ" ಎನ್ನುತ್ತಾಳೆ. ದೇವದುರ್ಗದಿಂದ ಯಾರೇ ಬರಲಿ, ಮಗಳು ಉಂಡಳೇ ಎಂದೇ ಅವ್ವ ಮೊದಲು ಕೇಳುತ್ತಿದ್ದಳು.

ಆ ಸಾಲು ಬರೆದಾಗ ನನಗೂ ಬರೆಯಲು ಬರುತ್ತದೆ ಎಂದು ಮೊದಲ ಸಲ ಅನ್ನಿಸಿತು. ದೀಪಾವಳಿಗೆ ಬಂದಾಗ ಅವ್ವನಿಗೆ ಓದಿದೆ. ಆ ಹನ್ನೊಂದು ಸಾಲನ್ನು ಅವಳು ಮತ್ತೆ ಮತ್ತೆ ಓದಿಸಿದಳು.

ಹೋದ ತಿಂಗಳು ಮಾವ ಶೇಂಗಾ ಮಾರಲು ರಾಯಚೂರಿಗೆ ಬಂದವರು ನಮ್ಮ ಕೋಣೆಯಲ್ಲಿ ಇಳಿದುಕೊಂಡರು. ಉರ್ದು ಕಲಿತವರು, ಕನ್ನಡ ತಡೆತಡೆದು ಓದುತ್ತಾರೆ. ಅಕ್ಕನ ಬಗ್ಗೆ ಬರೆದದ್ದನ್ನು ನಾನೇ ಓದಿ ಹೇಳಿದೆ. ಮುಗಿದ ಮೇಲೂ ಅವರು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ಇದನ್ನ ನಿನಗ ಯಾರ ಹೇಳಿದ್ರು?"

"ಯಾರೂ ಇಲ್ರೀ ಮಾವ. ನಾನ ಬರದೀನಿ."

"ನಾ ಆಕಿ ತಲಿ ಕಡಿ ಕುಂತಿರಲಿಲ್ಲೋ. ಹಕೀಮನ್ನ ಕರಿಯಾಕ ಹೋಗಿದ್ದೆ. ಬರೂದ್ರಾಗ ಮುಗದಿತ್ತು. ಯಾವಾಕಿನೋ ಒಬ್ಬಾಕಿ ಸೆರಗು ಮಾರಿಗೆ ಹಿಡಕೊಂಡು ಬಾಗಿಲದಾಗ ನಿಂತಿದ್ಲು. 'ಈಗ ಹೋದ್ಲು' ಅಂದ್ಲು. ಆಕಿ ಯಾರಂತ ಸೈತ ನಾ ನೋಡಲಿಲ್ಲ."

ಮರುದಿನ ಓಣಿಯ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರಂತೆ. ಆಮೇಲೆ ಕೇಳಲು ಯಾರೂ ಸಿಗಲಿಲ್ಲ. ಹೊರಡುವಾಗ ಮಾವ ಅಂದರು: "ಓದಿದವ್ರು ನಾ ಕುಂತಿದ್ದೆ ಅಂತ ತಿಳಕೋತಾರ. ನೋಡಪಾ, ನಿನಗ ಬಿಟ್ಟಿದ್ದು."

ಅವತ್ತೇ ಹನ್ನೊಂದು ಸಾಲಿಗೂ ಪಟ್ಟಿ ಇಟ್ಟು ಗೆರೆ ಎಳೆದು ಹೊಡೆದುಹಾಕಿದೆ. ಪ್ರತಿ ಇಳಿಸುವ ಗೆಳೆಯ ನೋಡಿ ಕೂಗಿದ:

"ಲೇ, ಹುಚ್ಚ ಹಿಡದದೇನು? ಅದೊಂದ ಓದೂ ಹಂಗ ಇತ್ತು. ಅದನ್ನ ತಗದ್ರ ಉಳಿಯೂದು ಬರೇ ಪಂಚಾಂಗ!"

"ಪಂಚಾಂಗನ ಬರಿ."

"ಬರೀತೀನಿ ಬಿಡು. ನನ್ನ ಕೈಗಾದ್ರೂ ಹನ್ನೊಂದು ಸಾಲಿನ ನೋವು ತಪ್ಪಿತು."

ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬಹುದೆಂದು ಸ್ವಲ್ಪ ಹೊತ್ತು ಕಾದೆ. ಶಾಯಿ ಒಣಗಿತು. ಅವತ್ತಿನ ದಿನಚರಿಯಲ್ಲಿ ಇಷ್ಟೇ ಇದೆ: ಸಾಲು ತೆಗೆದೆ, ಹನ್ನೊಂದು. ರಾತ್ರಿ ರೊಟ್ಟಿ, ಪುಂಡಿಪಲ್ಯ.

ನಿನ್ನೆ ಮಧ್ಯಾಹ್ನ ಅವ್ವ ಜೋಳ ಕೇರುತ್ತಿದ್ದಾಗ ತಿದ್ದಿದ್ದನ್ನು ಓದಿದೆ. ಮುಗಿದಾಗ ಅವಳು ನನ್ನ ಮುಖ ನೋಡಿದಳು.

"ಕಡೀದು ಬಿಟ್ಟಿ ನೋಡು."

"ತಗದೀನಿ ಯವ್ವಾ. ಅದು ನಾ ಕಟ್ಟಿದ ಮಾತು. ಮಾವ ಅಲ್ಲಿ ಇರಲಿಲ್ಲಂತ."

ಮೊರ ನಿಂತಿತು.

"ಮತ್ತ ಆಕಿ ಏನಂದ್ಲು?"

"ಗೊತ್ತಿಲ್ಲ."

"ಉಂಡಿದ್ಲೋ ಇಲ್ಲೋ?"

"ಗೊತ್ತಿಲ್ಲ ಯವ್ವಾ. ಬಾಗಿಲದಾಗ ಯಾರೋ ಒಬ್ಬಾಕಿ ಇದ್ಲಂತ. ಆಕಿಗಷ್ಟ ಗೊತ್ತು."

ಅವಳು ಅಳಲಿಲ್ಲ, ಬೈಯಲಿಲ್ಲ. "ನಿನ್ನ ಪುಸ್ತಕ ಆ ಕಡಿ ಹೋಗ್ತದಿಲ್ಲೋ? ಕೇಳು ಮತ್ತ," ಎಂದು ಮೊರ ಎತ್ತಿಕೊಂಡಳು.

ಅದಕ್ಕೇ ಇದನ್ನು ಬರೆದೆ. ಹೋದ ಶ್ರಾವಣದಲ್ಲಿ ದೇವದುರ್ಗದಲ್ಲಿ ಒಬ್ಬ ಸೊಸೆ ಗಂಡ ಹಕೀಮನನ್ನು ಕರೆಯಲು ಹೋಗಿದ್ದ ಹೊತ್ತಿನಲ್ಲಿ ತೀರಿಕೊಂಡಳು. ಆಗ ಅವಳ ಹತ್ತಿರ ಇದ್ದ ಹೆಣ್ಣುಮಗಳಿಗೋ ಅವರನ್ನು ಬಲ್ಲವರಿಗೋ ಈ ಪ್ರತಿ ತಲುಪಿದರೆ, ಅವಳು ಏನಂದಳು, ಏನಾದರೂ ಉಂಡಿದ್ದಳೇ ಎಂಬುದನ್ನು ಪುಟದ ಅಂಚಿನಲ್ಲಾದರೂ ಬರೆದು ಕಳಿಸಬೇಕು. ಬರೆಯಲು ಬಾರದಿದ್ದರೆ ಯಾರ ಕೈಯಿಂದಲಾದರೂ ಬರೆಸಬಹುದು. ಏನೂ ಅನ್ನಲಿಲ್ಲ ಎಂದಾದರೆ ಅದನ್ನೂ ತಿಳಿಸಿ. ಬಂದದ್ದನ್ನು ಒಂದಕ್ಷರ ಬದಲಿಸದೆ ಅವ್ವನಿಗೆ ಓದುತ್ತೇನೆ.