ಗೆದ್ದವರ ಕೈಯಲ್ಲಿರುವ ಸ್ಟಿಕ್

ಪೂಲ್ ಪಂದ್ಯದ ವಿಡಿಯೋ ನೋಡುವಾಗ ನನ್ನ ಕಣ್ಣು ಚೆಂಡಿನ ಮೇಲಿರುವುದಿಲ್ಲ. ಆಟಗಾರ ಬಾಗಿ ಗುರಿಯಿಟ್ಟ ಕೂಡಲೇ ವಿಡಿಯೋ ನಿಲ್ಲಿಸಿ, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಅವನ ಸ್ಟಿಕ್ಕಿನ ಮೇಲೆ ಯಾವ ಕಂಪನಿಯ ಹೆಸರಿದೆ ಎಂದು ಓದುತ್ತೇನೆ. ಚೆಂಡು ಮೇಜಿನ ಮೂಲೆಯ ಪಾಕೆಟ್ಟಿಗೆ ಬಿದ್ದಿತೋ ಇಲ್ಲವೋ ಎಂಬುದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನ್ನಂಥವಳು ಒಬ್ಬ ಆಟಗಾರನನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಗೊತ್ತು. ಆದರೂ ಓದುತ್ತೇನೆ.

ಅನುಮಾನ ಹುಟ್ಟಿದ್ದೂ ಹಾಗೆ ಓದುತ್ತಲೇ. ನನ್ನ ಮೆಚ್ಚಿನ ಆಟಗಾರ ಒಂದು ವರ್ಷ ಒಂದು ಸ್ಟಿಕ್ಕನ್ನು ಹೊಗಳಿದ. ಮರುವರ್ಷ ಅಂಗಿಯ ತೋಳಿನ ಮೇಲಿನ ಕಂಪನಿಯ ಹೆಸರು ಬದಲಾಯಿತು, ಇನ್ನೊಂದನ್ನು ಅಷ್ಟೇ ಭಕ್ತಿಯಿಂದ ಹೊಗಳಿದ. ಎರಡೂ ವರ್ಷ ಗೆದ್ದ. ಹಾಗಾದರೆ ಸ್ಟಿಕ್ಕಿನಲ್ಲಿ ಏನೂ ಇಲ್ಲವೇ? ಅಷ್ಟು ಸುಲಭವಾಗಿ ಹೇಳಲಾಗದು. ಆಟವೇ ಜೀವನವಾದವನು ಕೆಟ್ಟ ಸ್ಟಿಕ್ ಹಿಡಿಯಲಾರ. ಅವನ ಆಯ್ಕೆಯಿಂದ ಅದು ಕೆಟ್ಟದ್ದಲ್ಲ ಎಂದು ತಿಳಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಎಂದಲ್ಲ. ನನಗೆ ಒಳ್ಳೆಯದು ಎಂದಂತೂ ಅಲ್ಲವೇ ಅಲ್ಲ.

ಇದನ್ನು ನನ್ನ ಅವ್ವ ಕಡಿಮೆ ಮಾತಿನಲ್ಲಿ ಹೇಳುತ್ತಾಳೆ. ರಬಕವಿಯಲ್ಲಿ ನಮ್ಮದು ನೇಕಾರರ ಮನೆ. ಒಮ್ಮೆ ಸೀರೆ ಅಂಗಡಿಯ ಜಾಹೀರಾತಿನಲ್ಲಿ ಒಬ್ಬ ನಟಿ ಗಿಳಿಹಸಿರು ಸೀರೆ ಉಟ್ಟು ನಿಂತಿದ್ದಳು. ಅವ್ವ ಅದನ್ನು ಬಹಳ ಹೊತ್ತು ನೋಡಿ, "ಹಿಂದ ಎಷ್ಟು ಪಿನ್ ಚುಚ್ಯಾರೋ ಯಾರಿಗೆ ಗೊತ್ತು" ಎಂದಳು. ಹಾಗೆಂದವಳೂ ಸೇರಿ ನಮ್ಮ ಓಣಿಯೆಲ್ಲ ಆ ವರ್ಷ ಗಿಳಿಹಸಿರನ್ನೇ ನೇಯ್ದಿತು. ನಟಿ ಉಟ್ಟದ್ದರಿಂದ ಸೀರೆಗೇನೂ ಆಗಲಿಲ್ಲ, ಓಣಿಗೆ ಆಯಿತು.

ಇಷ್ಟೆಲ್ಲ ತಿಳಿದವಳೆಂದುಕೊಂಡಿದ್ದ ನಾನೇ ಜಾಹೀರಾತಾದೆ. ಜಮಖಂಡಿಯ ಪೂಲ್ ಹಾಲಿನಲ್ಲಿ ಮಹಿಳೆಯರ ಪಂದ್ಯ ನಡೆಯಿತು. ಸ್ಪರ್ಧಿಗಳು ನಾಲ್ವರು. ಒಬ್ಬಳು ಅಕ್ಕನ ನಿಶ್ಚಿತಾರ್ಥಕ್ಕೆ ಹೋದದ್ದರಿಂದ ಸೆಮಿಫೈನಲ್ಲಿನಲ್ಲಿ ನಾನು ಸೋಲಿಸಿದ್ದು ಖಾಲಿ ಕುರ್ಚಿಯನ್ನು. ಫೈನಲ್ಲಿನಲ್ಲಿ ಮುಧೋಳದ ಶಾಲೆಯ ಶೈಲಜಾ ಟೀಚರನ್ನು ಸೋಲಿಸಿದೆ. ಹಾಲಿನ ಕೆಳಮಹಡಿಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿರುವ ಬಸಣ್ಣ ಕಾಕಾ ಮಾರನೆಯ ವಾರ ಹೊಸ ಸ್ಟಿಕ್ಕೊಂದನ್ನು ಕೈಗಿಟ್ಟರು. ಅದನ್ನು ಹಿಡಿದು ಒಂದು ಫೋಟೋ ತೆಗೆಸಿಕೊಂಡರೆ ಸಾಕೆಂದರು. ಫೋಟೋ ಎಂದರೆ ಹಿಂಜರಿಯುವವಳು ನಾನು. "ಮಂದಿ ಅಂಗಡಿ ಬೋರ್ಡ್ ಓದಂಗಿಲ್ಲ ತಂಗಿ, ಗೆದ್ದವರ ಕೈ ನೋಡ್ತಾರ" ಎಂದರು. ಸ್ಟಿಕ್ ಚೆನ್ನಾಗಿತ್ತು. ನಿಂತೆ.

ಎರಡು ವಾರ ಆಡಿದೆ. ಆಟ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ತಪ್ಪಿದ ಹೊಡೆತಗಳು ಮಾತ್ರ ನೋಡಲು ಚೆಂದವಾದವು.

ಮೂರನೆಯ ಭಾನುವಾರ ಶೈಲಜಾ ಟೀಚರು ಕೆಳಗೆ ಅಂಗಡಿಯಲ್ಲಿದ್ದ ನನ್ನ ಫೋಟೋ ನೋಡಿಕೊಂಡೇ ಹಾಲಿಗೆ ಬಂದಿದ್ದರು. ಬಸಣ್ಣ ಕಾಕಾ ಅಂಥದೇ ಇನ್ನೊಂದು ಸ್ಟಿಕ್ ತಂದು ಅವರ ಮುಂದೆ ಹಿಡಿದಿದ್ದರು. ಟೀಚರು ಅದನ್ನು ಮುಟ್ಟಲಿಲ್ಲ, ನನ್ನ ಕಡೆ ತಿರುಗಿದರು.

"ಮನ್ಯಾಗ ಮಿಕ್ಸರ್ ಕೆಟ್ಟೈತ್ರಿ ಮೇಡಮ್ಮರ. ಅದನ್ನ ಬಿಟ್ಟು ಇದನ್ನ ತಗೊಳಾಕತ್ತೇನಿ. ಖರೆ ಹೇಳ್ರಿ, ನೀವು ಗೆದ್ದಿದ್ದು ಇದರಿಂದನಽ ಏನ್ರಿ?"

ಆಯ್ಕೆ, ಸಾಮರ್ಥ್ಯ, ಅಭ್ಯಾಸ ಎಂದು ಒಂದು ಪಾಠವನ್ನೇ ಹೇಳಬಹುದಿತ್ತು. ಪಾಠದ ಹಿಂದೆ ಅಡಗಿಕೊಳ್ಳುವುದು ನಮ್ಮ ವೃತ್ತಿಯಲ್ಲಿ ಸುಲಭ. ಆದರೆ ಅವರು ಕೇಳಿದ್ದು ಹೌದು ಅಥವಾ ಅಲ್ಲ ಎಂಬ ಒಂದು ಮಾತು. ಅದರ ಮೇಲೆ ಒಂದು ಮನೆಯ ಚಟ್ನಿ ನಿಂತಿತ್ತು. ಕಾಕಾ ನನ್ನನ್ನೇ ನೋಡುತ್ತಿದ್ದರು.

"ಅಲ್ರಿ" ಎಂದೆ. "ಇದು ಗೆದ್ದ ಮ್ಯಾಲೆ ಬಂದದ್ರಿ. ಗೆದ್ದಿದ್ದು ಅಲ್ಲಿ ಗ್ವಾಡಿಗೆ ಐತಲ್ರಿ, ಎಲ್ಲಾರೂ ಆಡೋ ಹಾಲಿನ ಹಳೇ ಸ್ಟಿಕ್, ಹಿಡಿಕಿಗೆ ಕರಿ ಟೇಪ್ ಸುತ್ತಿದ್ದು, ಅದರಿಂದ."

ಹೊಸ ಸ್ಟಿಕ್ಕನ್ನು ಹಿಂದಿರುಗಿಸಲು ಹೋದೆ. ಕಾಕಾ ಅದನ್ನು ತೆಗೆದುಕೊಳ್ಳಲಿಲ್ಲ. "ಫೋಟೋದಾಗ ನೀ ಛಲೋ ಇದ್ದಿ ತಂಗಿ, ಮಾತಾಡತಿರಲಿಲ್ಲ" ಎಂದಷ್ಟೇ ಹೇಳಿ ಕೆಳಗಿಳಿದರು.

ಮಿಕ್ಸರಿನ ದುಡ್ಡು ಉಳಿಯಿತೆಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅಷ್ಟರಲ್ಲಿ ಟೀಚರು ನೇರವಾಗಿ ಗೋಡೆಯ ಬಳಿ ಹೋಗಿ ಕಪ್ಪು ಟೇಪಿನ ಸ್ಟಿಕ್ಕನ್ನೇ ಎತ್ತಿಕೊಂಡರು. ನಾನು ಹೇಳಿದ್ದರ ಅರ್ಥ ಅದಾಗಿರಲಿಲ್ಲ. ಆದರೆ ಅವರಿಗೆ ಬೇಕಿದ್ದದ್ದು ಅಷ್ಟೇ: ಗೆದ್ದವಳ ಸ್ಟಿಕ್ ಯಾವುದು?

ಅಂದು ಮೂರು ಆಟದಲ್ಲಿ ಎರಡನ್ನು ಅವರೇ ಗೆದ್ದರು. ಅದಕ್ಕೆ ಸ್ಟಿಕ್ ಕಾರಣವಲ್ಲ ಎಂದು ನಾನು ಈಗಲೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಮೂರು ಆಟ ಏನೇನೂ ಸಾಲದು. ಅವರು ಚೆನ್ನಾಗಿ ಆಡಿದರು. ನನ್ನ ಮನಸ್ಸು ಮೇಜಿನ ಮೇಲಿರಲಿಲ್ಲ. ಇದೆಲ್ಲ ಸರಿಯೇ. ಆದರೂ ಮುಂದಿನ ಭಾನುವಾರ ನಾನು ರಬಕವಿಯಿಂದ ಒಂದು ಬಸ್ಸು ಮೊದಲೇ ಹೊರಟು ಜಮಖಂಡಿ ಸೇರಿದೆ.

ಟೀಚರು ಮುಧೋಳದಿಂದ ಎರಡು ಬಸ್ಸು ಮೊದಲೇ ಬಂದು, ಆ ಕಪ್ಪು ಟೇಪಿನ ಸ್ಟಿಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.